ಎಳೆಯ ಎದೆಯ ಗಡುವುಗಳು

ಹುಟ್ಟುವ ಸಾವಿರ ಕೂಸುಗಳಲ್ಲಿ ಎಂಟೊಂಬತ್ತು ಕೂಸುಗಳ ಹೃದಯ ರೂಪುಗೊಳ್ಳುವಾಗಲೇ ಎಲ್ಲೋ ತಪ್ಪಿರುತ್ತದೆ. ಈ ಲೆಕ್ಕ ಸ್ವೀಡನ್ನಿನಲ್ಲೂ ಸಿಂಧನೂರಿನಲ್ಲೂ ಹೆಚ್ಚುಕಡಿಮೆ ಒಂದೇ. ಭಾರತದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆಂದು ತಜ್ಞರ ಅಂದಾಜು. ಅವರಲ್ಲಿ ಸುಮಾರು ಐದನೇ ಒಂದು ಭಾಗದ ಮಕ್ಕಳಿಗೆ ಮೊದಲ ಹುಟ್ಟುಹಬ್ಬದೊಳಗೇ ಶಸ್ತ್ರಚಿಕಿತ್ಸೆಯೋ ರಕ್ತನಾಳದೊಳಗೆ ಕೊಳವೆ ತೂರಿಸಿ ಮಾಡುವ ಕ್ಯಾತಿಟರ್ ಚಿಕಿತ್ಸೆಯೋ ಬೇಕಾಗುತ್ತದೆ. ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆರಿಗೆ ಎಂದು ಹಿಡಿದರೆ ನಮ್ಮ ಪಾಲಿಗೆ ಎಂಟೊಂಬತ್ತು ಸಾವಿರ ಮಕ್ಕಳು ಬರುತ್ತಾರೆ. ಹುಟ್ಟಿನ ಲೆಕ್ಕದಲ್ಲಿ ಇಲ್ಲದ ವ್ಯತ್ಯಾಸ ಆಮೇಲಿನ ಲೆಕ್ಕದಲ್ಲಿ ಕಾಣುತ್ತದೆ. ಒಂದೇ ದೋಷ ಹೊತ್ತು ಹುಟ್ಟಿದ ಇಬ್ಬರು ಮಕ್ಕಳಲ್ಲಿ ಸ್ಟಾಕ್‌ಹೋಮಿನದು ಶಾಲೆಗೆ ಹೋಗುತ್ತದೆ, ನಮ್ಮದು 'ನ್ಯುಮೋನಿಯಾದಿಂದ ತೀರಿಕೊಂಡಿತು' ಎಂದು ದಾಖಲಾಗುತ್ತದೆ.

ಇದಕ್ಕೆ ಬಡತನ, ದೂರ, ದುಡ್ಡು ಎಂದು ಕಾರಣ ಹೇಳಿ ಮುಗಿಸುವುದು ಸುಲಭ. ಅವೆಲ್ಲ ನಿಜವೂ ಹೌದು. ಆದರೆ ಈ ಕಾಯಿಲೆಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಪ್ರತಿಯೊಂದು ದೋಷಕ್ಕೂ ತನ್ನದೇ ಗಡುವು ಇದೆ. ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಮೂರು ವಾರ, ಮತ್ತೊಂದಕ್ಕೆ ಆರು ತಿಂಗಳು. ಗಡುವಿನೊಳಗೆ ಸರಿಯಾಗುವುದು ಗಡುವು ದಾಟಿದರೆ ಎಂಥ ದೊಡ್ಡ ಆಸ್ಪತ್ರೆಗೆ ಹೋದರೂ ಸರಿಯಾಗದು. ನಮ್ಮ ಬಾಣಂತನದ ವಾಡಿಕೆ, ಆಸ್ಪತ್ರೆಯಿಂದ ಮನೆಗೆ ಕಳಿಸುವ ಪದ್ಧತಿ, ಸರ್ಕಾರಿ ತಪಾಸಣೆಯ ವೇಳಾಪಟ್ಟಿ, ಇವು ಆ ಗಡುವುಗಳ ಜೊತೆ ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂಬುದೇ ಈ ಬರಹದ ವಿಷಯ.

ಗರ್ಭದ ಮೂರನೇ ವಾರದಲ್ಲಿ ಒಂದು ಸರಳ ಕೊಳವೆಯಾಗಿ ಹೃದಯ ಶುರುವಾಗುತ್ತದೆ. ಸುಮಾರು ಇಪ್ಪತ್ತೆರಡನೆಯ ದಿನಕ್ಕೆ ಮಿಡಿಯತೊಡಗುತ್ತದೆ. ಆ ಕೊಳವೆ ಬಾಗಿ, ಸುತ್ತಿಕೊಂಡು, ಒಳಗೆ ಗೋಡೆಗಳೆದ್ದು, ಕವಾಟಗಳು ಮೂಡಿ, ಎಂಟನೇ ವಾರದ ಹೊತ್ತಿಗೆ ನಾಲ್ಕು ಕೋಣೆಗಳ ಹೃದಯವಾಗಿರುತ್ತದೆ. ತಿಂಗಳು ತಪ್ಪಿದ್ದು ಖಚಿತವಾಗಿ, ಮನೆಯಲ್ಲಿ ಸುದ್ದಿ ಹೇಳಿ, ಮೊದಲ ತಪಾಸಣೆಗೆ ಹೋಗುವಷ್ಟರಲ್ಲಿ ಕೆಲಸವೆಲ್ಲ ಮುಗಿದುಹೋಗಿರುತ್ತದೆ.

ಗರ್ಭದಲ್ಲಿ ಶ್ವಾಸಕೋಶಕ್ಕೆ ಕೆಲಸವಿಲ್ಲ, ಆಮ್ಲಜನಕವೆಲ್ಲ ತಾಯಿಯಿಂದ ಬರುತ್ತದೆ. ಹಾಗಾಗಿ ರಕ್ತ ಶ್ವಾಸಕೋಶವನ್ನು ತಪ್ಪಿಸಿಕೊಂಡು ಹೋಗಲು ಎರಡು ಒಳದಾರಿಗಳಿರುತ್ತವೆ. ಒಂದು, ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿರುವ ಕಿಂಡಿ. ಇನ್ನೊಂದು, ಮಹಾಪಧಮನಿಯನ್ನೂ ಶ್ವಾಸಕೋಶದ ಅಪಧಮನಿಯನ್ನೂ ಸೇರಿಸುವ ಡಕ್ಟಸ್ ಎಂಬ ಗಿಡ್ಡ ನಾಳ. ಮಗು ಹುಟ್ಟಿ ಮೊದಲ ಉಸಿರೆಳೆದಾಗ ಶ್ವಾಸಕೋಶ ಅರಳುತ್ತದೆ, ರಕ್ತ ಅತ್ತ ನುಗ್ಗುತ್ತದೆ, ಕಿಂಡಿ ಮುಚ್ಚಿಕೊಳ್ಳುತ್ತದೆ. ಡಕ್ಟಸ್ ಕೂಡ ಒಂದೆರಡು ದಿನದಲ್ಲಿ ಸಂಕುಚಿಸಿ, ಎರಡು ಮೂರು ವಾರದಲ್ಲಿ ಪೂರ್ತಿ ಮುಚ್ಚುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳಿಗೆ ಇದು ಗೊತ್ತೇ ಆಗದೆ ನಡೆದುಹೋಗುವ ವ್ಯವಹಾರ. ಉಳಿದ ಕೆಲವರಿಗೆ ಆ ನಾಳವೇ ಜೀವ.

ಕೆಲವು ಮಕ್ಕಳಲ್ಲಿ ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಗಳು ಅದಲುಬದಲಾಗಿ ಹುಟ್ಟಿರುತ್ತವೆ. ದೇಹದಿಂದ ಬಂದ ರಕ್ತ ದೇಹಕ್ಕೇ, ಶ್ವಾಸಕೋಶದಿಂದ ಬಂದ ರಕ್ತ ಶ್ವಾಸಕೋಶಕ್ಕೇ ಸುತ್ತುತ್ತಿರುತ್ತದೆ. ಕೆಲವರಲ್ಲಿ ಎಡಭಾಗದ ಹೃದಯವೇ ಬೆಳೆದಿರುವುದಿಲ್ಲ. ಕೆಲವರಲ್ಲಿ ಶ್ವಾಸಕೋಶಕ್ಕೆ ಹೋಗುವ ಕವಾಟವೇ ತೆರೆದಿರುವುದಿಲ್ಲ. ಇನ್ನು ಕೆಲವರಲ್ಲಿ ಮಹಾಪಧಮನಿ ಎದೆಯಿಂದ ಕೆಳಗಿಳಿಯುವ ತಿರುವಿನಲ್ಲಿ ಹಿಂಡಿದಂತೆ ಕಿರಿದಾಗಿರುತ್ತದೆ. ಡಕ್ಟಸ್ ತೆರೆದಿರುವವರೆಗೆ ಇವರಲ್ಲಿ ಹಲವರು ಹೇಗೋ ನಿಭಾಯಿಸುತ್ತಾರೆ. ಅಳುತ್ತಾರೆ, ಮೊಲೆ ಚೀಪುತ್ತಾರೆ, ತೂಕವೂ ಚೆನ್ನಾಗಿರುತ್ತದೆ. ಸಹಜ ಹೆರಿಗೆಯಾದರೆ 48 ಗಂಟೆಯ ಹೊತ್ತಿಗೆ ತಾಯಿಯನ್ನೂ ಮಗುವನ್ನೂ ಮನೆಗೆ ಕಳಿಸುವುದು ರೂಢಿ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ಒಮ್ಮೊಮ್ಮೆ ಅದಕ್ಕೂ ಮೊದಲೇ ಕಳಿಸುತ್ತಾರೆ. ಮಗು ತವರಿನ ದಾರಿ ಹಿಡಿಯುವ ದಿನವೂ ಆ ನಾಳ ಮುಚ್ಚುವ ದಿನವೂ ಒಂದೇ ಆಗಿಬಿಡುವುದು ಹೀಗೆ. ಆಮೇಲೆ ಮೂರನೆಯ ದಿನವೋ ಎಂಟನೆಯ ದಿನವೋ ಮಗು ಹಾಲು ಬಿಡುತ್ತದೆ, ಮಂಕಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ನಂಜು ಎಂದು ಆಂಟಿಬಯೋಟಿಕ್ ಶುರು ಮಾಡುತ್ತಾರೆ. ವೈದ್ಯರನ್ನು ದೂರುವಂತಿಲ್ಲ, ಏಕೆಂದರೆ ಎರಡೂ ಕಾಯಿಲೆಗಳ ಮುಖ ಒಂದೇ. ಬೇರ್ಪಡಿಸುವ ಸುಳಿವುಗಳು ಎರಡು ಮೂರು ಮಾತ್ರ. ಎಷ್ಟು ಆಮ್ಲಜನಕ ಕೊಟ್ಟರೂ ಹೋಗದ ನೀಲಿ ಬಣ್ಣ ಒಂದು. ತೊಡೆಸಂದಿಯಲ್ಲಿ ಬೆರಳಿಟ್ಟರೆ ಸಿಗದ ನಾಡಿ ಇನ್ನೊಂದು. ಕೂಸಿನ ತೊಡೆಸಂದಿಯ ನಾಡಿ ಹುಡುಕಲು ಒಂದು ನಿಮಿಷ ಸಾಕು, ಯಂತ್ರ ಬೇಡ. ನವಜಾತ ಶಿಶುವಿನ ತಪಾಸಣೆಯಲ್ಲಿ ಇಷ್ಟು ಅಗ್ಗದ, ಇಷ್ಟು ಅಲಕ್ಷ್ಯಕ್ಕೊಳಗಾದ ಪರೀಕ್ಷೆ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದಲುಬದಲಾದ ಧಮನಿಗಳ ಮಗುವಿಗೆ ಚಿಕಿತ್ಸೆ ಸಿಗದಿದ್ದರೆ ಮೊದಲ ತಿಂಗಳಲ್ಲಿ ಅರ್ಧದಷ್ಟು, ಮೊದಲ ವರ್ಷದಲ್ಲಿ ನೂರಕ್ಕೆ ತೊಂಬತ್ತು ಮಕ್ಕಳು ಉಳಿಯುವುದಿಲ್ಲ. ಸಿಕ್ಕರೆ ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ ತೊಂಬತ್ತೈದು ಮಕ್ಕಳು ಉಳಿಯುತ್ತಾರೆ. ಇಷ್ಟು ದೊಡ್ಡ ಅಂತರ ವೈದ್ಯಶಾಸ್ತ್ರದಲ್ಲಿ ಅಪರೂಪ. 1966ರಲ್ಲಿ ಅಮೆರಿಕದ ವಿಲಿಯಂ ರಾಶ್‌ಕಿಂಡ್ ತೊಡೆಯ ರಕ್ತನಾಳದಿಂದ ಬಲೂನ್ ಒಳಗೆ ಕಳಿಸಿ, ಮೇಲಿನ ಕೋಣೆಗಳ ನಡುವಿನ ಕಿಂಡಿಯನ್ನು ಹರಿದು ದೊಡ್ಡದು ಮಾಡುವ ಉಪಾಯ ಕಂಡುಹಿಡಿದರು. ಎರಡು ಬಗೆಯ ರಕ್ತ ಬೆರೆಯಲು ಜಾಗ ಸಿಕ್ಕರೆ ಮಗುವಿಗೆ ಕೆಲವು ದಿನ ಸಿಗುತ್ತವೆ. 1970ರ ದಶಕದ ನಡುಭಾಗದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ಔಷಧವನ್ನು ಹನಿ ಹನಿಯಾಗಿ ಕೊಟ್ಟು ಡಕ್ಟಸ್ ಮುಚ್ಚದಂತೆ ತಡೆಯಬಹುದೆಂದು ಗೊತ್ತಾಯಿತು. 1975ರಲ್ಲಿ ಬ್ರೆಜಿಲ್‌ನ ಅದಿಬ್ ಜಟೆನೆ ಎರಡೂ ಧಮನಿಗಳನ್ನು ಕತ್ತರಿಸಿ ಅದಲುಬದಲು ಹೊಲಿಯುವ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ಮಾಡಿದರು. ಹೃದಯಕ್ಕೇ ರಕ್ತ ಕೊಡುವ ಕೊರೋನರಿಗಳನ್ನೂ ಕಿತ್ತು ಹೊಸ ಜಾಗಕ್ಕೆ ಕೂರಿಸಬೇಕು. ಕೂಸಿನಲ್ಲಿ ಅವು ಒಂದೆರಡು ಮಿಲಿಮೀಟರ್ ದಪ್ಪ ಇರುತ್ತವೆ, ಅಷ್ಟೇ. ಇಲ್ಲೂ ಗಡುವು ಕಟ್ಟುನಿಟ್ಟು. ಎಡ ಹೃತ್ಕುಕ್ಷಿ, ಅಂದರೆ ಎಡಗಡೆಯ ಕೆಳಗಿನ ಕೋಣೆ, ಕಡಿಮೆ ಒತ್ತಡದಲ್ಲಿ ದುಡಿಯುತ್ತ ಸೊರಗುತ್ತದೆ. ಮೂರ್ನಾಲ್ಕು ವಾರ ಕಳೆದರೆ ಇಡೀ ದೇಹಕ್ಕೆ ರಕ್ತ ದೂಡುವ ತಾಕತ್ತು ಅದಕ್ಕೆ ಉಳಿದಿರುವುದಿಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ಸುಮಾರು 600 ಕಿಲೋಮೀಟರ್. ಪ್ರೊಸ್ಟಾಗ್ಲಾಂಡಿನ್ ಫ್ರಿಜ್ಜಿನಲ್ಲಿಡಬೇಕಾದ ಔಷಧ, ಕೊಟ್ಟಾಗ ಮಗು ಉಸಿರು ನಿಲ್ಲಿಸುವ ಅಪಾಯವೂ ಇದೆ. ಅಂದರೆ ಆಂಬುಲೆನ್ಸಿನಲ್ಲಿ ಉಸಿರಾಟ ನೋಡಿಕೊಳ್ಳಬಲ್ಲವರು ಇರಲೇಬೇಕು. ಜಯದೇವ ಸಂಸ್ಥೆಯ ಕಲಬುರಗಿ ಶಾಖೆ ಉತ್ತರದ ಜಿಲ್ಲೆಗಳಿಗೆ ಹೃದ್ರೋಗ ಚಿಕಿತ್ಸೆಯನ್ನು ಹತ್ತಿರ ತಂದಿತು. ಆದರೆ ನವಜಾತ ಶಿಶುವಿನ ಇಂಥ ಶಸ್ತ್ರಚಿಕಿತ್ಸೆ ದೊಡ್ಡವರ ಬೈಪಾಸಿಗಿಂತ ಬೇರೆಯದೇ ತಂಡವನ್ನು ಬೇಡುವ ಕೆಲಸ.

ಈ ಮೊದಲ ಗಡುವನ್ನು ಹಿಡಿಯಲು ಇರುವ ಸಾಧನ ಪಲ್ಸ್ ಆಕ್ಸಿಮೀಟರ್. ಹುಟ್ಟಿ 24 ಗಂಟೆಯಾದ ಮೇಲೆ, ಮನೆಗೆ ಕಳಿಸುವ ಮುಂಚೆ, ಬಲಗೈ ಮತ್ತು ಒಂದು ಪಾದದಲ್ಲಿ ಆಮ್ಲಜನಕದ ಪ್ರಮಾಣ ಅಳೆಯುತ್ತಾರೆ. ಶೇ. 95ಕ್ಕಿಂತ ಕಡಿಮೆ ಇದ್ದರೆ, ಅಥವಾ ಕೈಗೂ ಕಾಲಿಗೂ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಮತ್ತೆ ಅಳೆಯಬೇಕು. 90ಕ್ಕಿಂತ ಕೆಳಗಿದ್ದರೆ ಕಾಯದೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕು. ಬಲಗೈಯೇ ಏಕೆಂದರೆ ಅದಕ್ಕೆ ಹೋಗುವ ರಕ್ತ ಡಕ್ಟಸ್ ಸೇರುವ ಜಾಗಕ್ಕಿಂತ ಮೊದಲೇ ಕವಲೊಡೆಯುತ್ತದೆ. ಸ್ವೀಡನ್ನಿನಲ್ಲಿ ಸುಮಾರು 40 ಸಾವಿರ ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಮೆರಿಕ 2011ರಲ್ಲಿ ಈ ಪರೀಕ್ಷೆಯನ್ನು ಎಲ್ಲ ಶಿಶುಗಳಿಗೂ ಶಿಫಾರಸು ಮಾಡಿತು. ಕಡ್ಡಾಯ ಮಾಡಿದ ರಾಜ್ಯಗಳಲ್ಲಿ ಗಂಭೀರ ಹೃದಯ ದೋಷದಿಂದಾಗುವ ಶಿಶುಮರಣ ಮೂರನೇ ಒಂದರಷ್ಟು ಇಳಿದಿದ್ದನ್ನು 2017ರ ವಿಶ್ಲೇಷಣೆ ತೋರಿಸಿತು. ಕೋವಿಡ್ ಬಂದ ಮೇಲೆ ನಮ್ಮಲ್ಲಿ ಆಕ್ಸಿಮೀಟರ್ ಕಾಣದ ಊರಿಲ್ಲ. ಆದರೆ ದೊಡ್ಡವರ ಬೆರಳಿನ ಕ್ಲಿಪ್ಪು ಕೂಸಿನ ಪಾದಕ್ಕೆ ಕೂರುವುದಿಲ್ಲ, ಸುತ್ತಿ ಕಟ್ಟುವ ಪುಟ್ಟ ಪ್ರೋಬ್ ಬೇಕು. ಹೆರಿಗೆ ನಡೆಯುವ ಪ್ರತಿಯೊಂದು ಜಾಗದಲ್ಲೂ ಅದನ್ನು ಇರಿಸುವುದು ಆರೋಗ್ಯ ಬಜೆಟ್ಟಿನಲ್ಲಿ ಕಣ್ಣಿಗೆ ಬೀಳುವ ಮೊತ್ತವೂ ಆಗದು.

ಕಣ್ಣಿಗೆ ನಂಬಿಕೆ ಇಡುವಂತಿಲ್ಲ ಎಂಬುದಕ್ಕೆ ನಮ್ಮಲ್ಲಿ ಬೇರೆ ಕಾರಣವೂ ಇದೆ. ರಕ್ತದಲ್ಲಿ ಆಮ್ಲಜನಕವಿಲ್ಲದ ಹಿಮೋಗ್ಲೋಬಿನ್ ಒಂದು ಮಟ್ಟ ಮುಟ್ಟಿದ ಮೇಲಷ್ಟೇ ಮೈ ನೀಲಿ ಕಾಣುತ್ತದೆ. ರಕ್ತಹೀನತೆ ಇರುವ ಮಗುವಿನಲ್ಲಿ ಹಿಮೋಗ್ಲೋಬಿನ್ನೇ ಕಡಿಮೆ, ಹಾಗಾಗಿ ಆಮ್ಲಜನಕ ಸಾಕಷ್ಟು ಕುಸಿದಿದ್ದರೂ ನೀಲಿ ಕಾಣದೆ ಹೋಗಬಹುದು. ಎಣ್ಣೆಗೆಂಪು ಅಥವಾ ಕಪ್ಪು ಮೈಬಣ್ಣದ ಮಗುವಿನಲ್ಲಿ ಚರ್ಮ ನೋಡಿ ಪ್ರಯೋಜನವಿಲ್ಲ, ನಾಲಿಗೆ ಮತ್ತು ವಸಡು ನೋಡಬೇಕು. 'ಅಪ್ಪನ ಬಣ್ಣ ಬಂದಿದೆ' ಎಂದು ನಗುನಗುತ್ತ ಸುಮ್ಮನಾದ ಮನೆಗಳೂ ಇವೆ. ಇನ್ನೊಂದು ಕಡೆ, ಹುಟ್ಟಿದ ಮಗುವಿನ ಅಂಗೈ ಅಂಗಾಲು ಚಳಿಗೆ ನೀಲಿಯಾಗುವುದು ಸಹಜ, ಅದಕ್ಕೆ ಗಾಬರಿ ಬೇಕಿಲ್ಲ.

ಎರಡನೆಯ ಗಡುವಿನ ಸುಳಿವು ಆರನೇ ವಾರದ ಸುಮಾರಿಗೆ ಬರುತ್ತದೆ. ಅತ್ಯಂತ ಸಾಮಾನ್ಯ ದೋಷವಾದ ವಿಎಸ್‌ಡಿ, ಅಂದರೆ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯ ರಂಧ್ರ, ಹುಟ್ಟಿದಾಗ ಸದ್ದೇ ಮಾಡದಿರಬಹುದು. ಆಗಿನ್ನೂ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿದ್ದು ಎರಡೂ ಬದಿಯ ಒತ್ತಡ ಹೆಚ್ಚುಕಡಿಮೆ ಸಮ ಇರುತ್ತದೆ. ವಾರಗಳು ಕಳೆದಂತೆ ಆ ಬಿಗಿತ ಸಡಿಲಿ ಬಲಭಾಗದ ಒತ್ತಡ ಇಳಿಯುತ್ತದೆ. ಆಗ ಬದು ಒಡೆದ ಗದ್ದೆಯ ನೀರು ತಗ್ಗಿನ ಗದ್ದೆಗೆ ಇಳಿದಂತೆ ಎಡಗಡೆಯ ರಕ್ತ ಬಲಗಡೆಗೆ, ಅಲ್ಲಿಂದ ಶ್ವಾಸಕೋಶಕ್ಕೆ ನುಗ್ಗುತ್ತದೆ. ಮಗು ಮೊಲೆ ಹಿಡಿದು ಎರಡು ಗುಟುಕು ಕುಡಿದು ಬಿಡುತ್ತದೆ, ಏದುಸಿರು ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕುಡಿಯುವಾಗ ಹಣೆ ಬೆವರುತ್ತದೆ. ಪಕ್ಕೆ ಒಳಗೆ ಸೆಳೆಯುತ್ತದೆ. ತೂಕ ನಿಂತಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಇದಕ್ಕೆ ವಿವರಣೆಗಳು ಸಿದ್ಧ ಇರುತ್ತವೆ. ತಾಯಿಗೆ ಹಾಲು ಸಾಲದು, ಕೂಸಿಗೆ ದೃಷ್ಟಿ ತಗುಲಿದೆ, ಎದೆಯಲ್ಲಿ ಕಫ ಕಟ್ಟಿದೆ. ಮೂರಕ್ಕೂ ಮನೆಮದ್ದು ಉಂಟು. ಬಾಟಲಿ ಹಾಲು ಬರುತ್ತದೆ, ತಾಯಿತ ಬರುತ್ತದೆ, ಬಜೆಯ ಜೊತೆ ಜೇನು ನೆಕ್ಕಿಸುವುದು ಬರುತ್ತದೆ. ಆಮೇಲೆ ನ್ಯುಮೋನಿಯಾ ಬರುತ್ತದೆ, ವಾಸಿಯಾಗಿ ಮತ್ತೆ ಬರುತ್ತದೆ.

ಇಲ್ಲಿ ನಮ್ಮ ವ್ಯವಸ್ಥೆಯ ವೇಳಾಪಟ್ಟಿ ಅಚ್ಚರಿಯಷ್ಟು ಹೊಂದುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕೆಂಬ ನಿಯಮ ಇದೆ. ಮೊದಲೆರಡು ಭೇಟಿಗಳು ಡಕ್ಟಸ್ ಮುಚ್ಚುವ ದಿನಗಳು, ಕೊನೆಯದು ವಿಎಸ್‌ಡಿ ತಲೆ ಎತ್ತುವ ದಿನ. ಹೃದ್ರೋಗ ತಜ್ಞರೇ ಕೂತು ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ. ಅವರ ಚೀಲದಲ್ಲಿ ತೂಕದ ತಕ್ಕಡಿ ಇರುತ್ತದೆ. ತೂಕ ಏರದ ಮಗುವಿನ ತಾಯಿಗೆ 'ಹಾಲು ಕುಡಿಯುವಾಗ ಬೆವರುತ್ತಾನಾ? ನಡುನಡುವೆ ಬಿಟ್ಟು ಉಸಿರು ತಗೋತಾನಾ?' ಎಂದು ಕೇಳುವ ಎರಡು ಪ್ರಶ್ನೆಗಳು ಸಾಕು. ತೊಡಕೆಂದರೆ ಬಾಣಂತಿ ತವರಿನಲ್ಲಿರುತ್ತಾಳೆ, ಹೆಸರು ಗಂಡನ ಊರಿನ ಪಟ್ಟಿಯಲ್ಲಿರುತ್ತದೆ. ಎರಡೂ ಊರಿನ ಆಶಾ ಕಾರ್ಯಕರ್ತೆಯರು ಇನ್ನೊಬ್ಬರು ನೋಡುತ್ತಾರೆಂದು ಭಾವಿಸುವುದು ಸಹಜ. ಅವರಿಗೆ ಕೊಡುವ ಗೌರವಧನ ನೋಡಿದರೆ ಇದಕ್ಕಿಂತ ಹೆಚ್ಚು ನಿರೀಕ್ಷಿಸಲು ಸಂಕೋಚವಾಗುತ್ತದೆ.

ಎಲ್ಲ ರಂಧ್ರಕ್ಕೂ ಹೆದರಬೇಕಿಲ್ಲ ಎಂಬುದನ್ನೂ ಹೇಳಬೇಕು. ಗೋಡೆಯ ಸ್ನಾಯುಭಾಗದಲ್ಲಿರುವ ಸಣ್ಣ ವಿಎಸ್‌ಡಿಗಳಲ್ಲಿ ಬಹುಪಾಲು ಮೊದಲ ಒಂದೆರಡು ವರ್ಷದಲ್ಲಿ ತಾವಾಗಿಯೇ ಮುಚ್ಚುತ್ತವೆ. ಇನ್ನೊಂದು ವಿಚಿತ್ರವೆಂದರೆ ಸಣ್ಣ ರಂಧ್ರವೇ ಜೋರು ಸದ್ದು ಮಾಡುತ್ತದೆ, ದೊಡ್ಡದು ಹುಟ್ಟಿದ ಹೊಸತರಲ್ಲಿ ಮೌನವಾಗಿರಬಹುದು. ಸ್ಟೆತಾಸ್ಕೋಪಿಗೆ ಏನೂ ಕೇಳಿಸಲಿಲ್ಲ ಎಂಬುದು ಸಮಾಧಾನಕ್ಕೆ ಕಾರಣವಲ್ಲ. ಮೇಲಿನ ಕೋಣೆಗಳ ರಂಧ್ರವಾದ ಎಎಸ್‌ಡಿ ಸಾಮಾನ್ಯವಾಗಿ ಶೈಶವದಲ್ಲಿ ತೊಂದರೆ ಕೊಡುವುದಿಲ್ಲ. ಅದನ್ನು ಮೂರು ನಾಲ್ಕು ವರ್ಷಕ್ಕೆ ಮುಚ್ಚಿದರೆ ನಡೆಯುತ್ತದೆ, ಎಷ್ಟೋ ಸಲ ಎದೆ ಕೊಯ್ಯದೆ ಕ್ಯಾತಿಟರ್ ಮೂಲಕ ಛತ್ರಿಯಂಥ ಸಾಧನ ಕೂರಿಸಿ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಡಕ್ಟಸ್ ಮುಚ್ಚದೇ ಉಳಿಯುವುದುಂಟು. ಮೇಲೆ ಹೇಳಿದ ಮಕ್ಕಳಿಗೆ ತೆರೆದಿಡಬೇಕಾದ ನಾಳವನ್ನೇ ಇವರಿಗೆ ಔಷಧ ಕೊಟ್ಟು ಮುಚ್ಚಿಸಬೇಕಾಗುತ್ತದೆ.

ದೊಡ್ಡ ವಿಎಸ್‌ಡಿಯ ಗಡುವು ದಾಟಿದರೆ ಏನಾಗುತ್ತದೆ ಎಂಬುದು ಈ ಇಡೀ ವಿಷಯದ ಅತ್ಯಂತ ಕ್ರೂರ ಭಾಗ. ವರ್ಷಗಟ್ಟಲೆ ಅತಿ ಒತ್ತಡದ ರಕ್ತ ಸಹಿಸಿಕೊಂಡ ಶ್ವಾಸಕೋಶದ ನಾಳಗಳು ದಪ್ಪಗಾಗಿ ಗಡುಸಾಗುತ್ತವೆ. ಆಗ ಮಗು ಸುಧಾರಿಸಿದಂತೆ ಕಾಣುತ್ತದೆ! ಏದುಸಿರು ಕಡಿಮೆಯಾಗುತ್ತದೆ, ನ್ಯುಮೋನಿಯಾ ನಿಲ್ಲುತ್ತದೆ, ಮೈ ತುಂಬಿಕೊಳ್ಳುತ್ತದೆ. ಹರಕೆ ಫಲಿಸಿತೆಂದು ಮನೆಯವರು ಆಸ್ಪತ್ರೆಯ ಚೀಟಿ ಎತ್ತಿಡುತ್ತಾರೆ. ನಿಜವಾಗಿ ಆಗಿರುವುದೆಂದರೆ ಗಡುಸಾದ ನಾಳಗಳು ರಕ್ತವನ್ನು ಒಳಗೆ ಬಿಡುತ್ತಿಲ್ಲ. ಇನ್ನೂ ಕೆಲವು ವರ್ಷಕ್ಕೆ ಹರಿವು ತಿರುಗಿ, ಬಲಗಡೆಯ ಆಮ್ಲಜನಕವಿಲ್ಲದ ರಕ್ತ ಎಡಕ್ಕೆ ಬಂದು ಮೈ ನೀಲಿಯಾಗುತ್ತದೆ. 1897ರಲ್ಲಿ ವಿಕ್ಟರ್ ಐಸೆನ್‌ಮೆಂಗರ್ ಎಂಬ ಆಸ್ಟ್ರಿಯಾದ ವೈದ್ಯ 32 ವರ್ಷದ ಒಬ್ಬ ರೋಗಿಯಲ್ಲಿ ಇದನ್ನು ವಿವರಿಸಿದರು. ಆತ ರಕ್ತ ಕಾರಿ ಸತ್ತಿದ್ದ. ಈ ಹಂತ ಮುಟ್ಟಿದ ಮೇಲೆ ರಂಧ್ರ ಮುಚ್ಚಿದರೆ ರೋಗಿ ಸಾಯುತ್ತಾನೆ, ಏಕೆಂದರೆ ಆ ರಂಧ್ರವೇ ಈಗ ಒತ್ತಡ ಹೊರಬಿಡುವ ದಾರಿ. ಹೆಣ್ಣುಮಗಳಾದರೆ ಬಸಿರು ಪ್ರಾಣಕ್ಕೇ ಅಪಾಯ. ಆರು ತಿಂಗಳೊಳಗೆ ಪೂರ್ತಿ ಸರಿಯಾಗಬಹುದಾಗಿದ್ದ ಕಾಯಿಲೆ ಇದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ದೋಷ ಇರುತ್ತದೆ, ಅವರಲ್ಲಿ ಈ ಗಡುಸುತನ ಇನ್ನೂ ಬೇಗ ಬರುತ್ತದೆ. 'ಹೇಗೂ ಬುದ್ಧಿ ಕಮ್ಮಿ, ಆಪರೇಷನ್ ಯಾಕೆ' ಎಂಬ ಮಾತು ಆ ಮಕ್ಕಳ ಗಡುವನ್ನು ಇನ್ನಷ್ಟು ಕಿರಿದು ಮಾಡುತ್ತದೆ.

ನೀಲಿ ಮಕ್ಕಳ ಕತೆ ಬೇರೆ. ಫ್ರಾನ್ಸಿನ ಮಾರ್ಸೇಲ್ ನಗರದ ಫಾಲೋ 1888ರಲ್ಲಿ ನಾಲ್ಕು ದೋಷಗಳು ಒಟ್ಟಿಗೆ ಬರುವುದನ್ನು ಗುರುತಿಸಿದರು. ಕೆಳಗಿನ ಗೋಡೆಯಲ್ಲಿ ದೊಡ್ಡ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು, ಮಹಾಪಧಮನಿ ರಂಧ್ರದ ಮೇಲೆ ಸವಾರಿ, ಬಲ ಹೃತ್ಕುಕ್ಷಿ ದಪ್ಪ. ಈ ಮಕ್ಕಳಿಗೆ ಇದ್ದಕ್ಕಿದ್ದಂತೆ ನೀಲಿ ದಾಳಿ ಬರುತ್ತದೆ, ಸಾಮಾನ್ಯವಾಗಿ ಬೆಳಿಗ್ಗೆ ಎದ್ದಾಗ, ಅತ್ತಾಗ, ಮಲ ಮಾಡುವಾಗ. ಮಗು ಕಪ್ಪಿಟ್ಟು, ಜೋರಾಗಿ ಉಸಿರಾಡಿ, ಪ್ರಜ್ಞೆ ತಪ್ಪುತ್ತದೆ. ಆಗ ಮಾಡಬೇಕಾದದ್ದು ಮಗುವಿನ ಎರಡೂ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು ಸಮಾಧಾನಪಡಿಸುತ್ತ ಆಸ್ಪತ್ರೆಗೆ ಓಡುವುದು. ಕಾಲಿನ ರಕ್ತನಾಳಗಳು ಒತ್ತಿ, ದೇಹದ ಕಡೆಯ ಒತ್ತಡ ಏರಿ, ಶ್ವಾಸಕೋಶದ ಕಡೆಗೆ ಹೆಚ್ಚು ರಕ್ತ ಹೋಗುತ್ತದೆ. ನಡೆಯಲು ಕಲಿತ ಮಕ್ಕಳು ಯಾರೂ ಹೇಳಿಕೊಡದೆ ಓಡಾಟದ ನಡುವೆ ಕುಕ್ಕರಗಾಲಲ್ಲಿ ಕೂತುಬಿಡುವುದು ಇದೇ ಕಾರಣಕ್ಕೆ.

ನೀಲಿ ಮಗುವಿನ ದೇಹ ಆಮ್ಲಜನಕದ ಕೊರತೆ ತುಂಬಿಕೊಳ್ಳಲು ಕೆಂಪು ರಕ್ತಕಣಗಳನ್ನು ಹೆಚ್ಚೆಚ್ಚು ತಯಾರಿಸುತ್ತದೆ, ರಕ್ತ ಮಂದವಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಇಂಥ ಮಗುವಿಗೆ ವಾಂತಿ ಭೇದಿ ಆಯಿತೆಂದರೆ ಮಂದ ರಕ್ತ ಇನ್ನೂ ಮಂದವಾಗಿ ಮೆದುಳಿನಲ್ಲಿ ಹೆಪ್ಪುಗಟ್ಟಬಹುದು. ಬೇರೆ ಮಕ್ಕಳಿಗೆ ಓಆರ್‌ಎಸ್ ಒಳ್ಳೆಯದು, ಇವರಿಗೆ ಅದು ತುರ್ತು. ಕಬ್ಬಿಣದ ಅಂಶ ಕಡಿಮೆಯಾದರೂ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. 'ರಕ್ತ ಹೆಚ್ಚಿದೆ, ಕಬ್ಬಿಣ ಬೇಡ' ಎಂಬ ತೀರ್ಮಾನ ತಪ್ಪಾಗುವುದು ಇಲ್ಲಿ. ಎರಡು ವರ್ಷ ದಾಟಿದ ನೀಲಿ ಮಗುವಿಗೆ ಜ್ವರ, ತಲೆನೋವು, ಫಿಟ್ಸ್ ಬಂದರೆ ಮೆದುಳಿನಲ್ಲಿ ಕೀವು ಕಟ್ಟಿದೆಯೇ ಎಂದು ನೋಡಲೇಬೇಕು. ಸಾಮಾನ್ಯರಲ್ಲಿ ರಕ್ತದೊಳಗಿನ ಕ್ರಿಮಿಗಳನ್ನು ಶ್ವಾಸಕೋಶ ಸೋಸಿಬಿಡುತ್ತದೆ. ಇವರಲ್ಲಿ ಒಂದಷ್ಟು ರಕ್ತ ಆ ಸೋಸುವಿಕೆ ತಪ್ಪಿಸಿಕೊಂಡು ನೇರ ಮೆದುಳಿಗೆ ಹೋಗುತ್ತದೆ.

ಈ ಮಕ್ಕಳಿಗೆ ಏನಾದರೂ ಮಾಡಬಹುದು ಎಂಬ ಭರವಸೆಗೆ ಇನ್ನೂ ನೂರು ವರ್ಷ ತುಂಬಿಲ್ಲ. 1938ರಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಮುಖ್ಯ ಸರ್ಜನ್ ರಜೆಯ ಮೇಲೆ ಹೋಗಿದ್ದಾಗ ಏಳು ವರ್ಷದ ಹುಡುಗಿಯ ಮುಚ್ಚದೇ ಉಳಿದಿದ್ದ ಡಕ್ಟಸ್ಸನ್ನು ದಾರದಿಂದ ಬಿಗಿದು ಮುಚ್ಚಿದರು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೆಲೆನ್ ಟಾಸಿಗ್ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಮಕ್ಕಳ ಎದೆ ಮುಟ್ಟಿ ಬೆರಳಿನಿಂದಲೇ ಓದುತ್ತಿದ್ದರು. ಡಕ್ಟಸ್ ತೆರೆದಿರುವವರೆಗೆ ನೀಲಿ ಮಕ್ಕಳು ಚೆನ್ನಾಗಿರುತ್ತಾರೆ, ಹಾಗಾದರೆ ಹೊಸ ಡಕ್ಟಸ್ ಕಟ್ಟಿಕೊಡಿ ಎಂಬುದು ಅವರ ವಾದ. ಸರ್ಜನ್ ಆಲ್ಫ್ರೆಡ್ ಬ್ಲಾಲಾಕ್ 1944ರ ನವೆಂಬರ್ 29ರಂದು ಹದಿನೈದು ತಿಂಗಳ ಕೂಸಿಗೆ ಅದನ್ನು ಮಾಡಿದರು. ಅವರ ಹಿಂದೆ ಸ್ಟೂಲಿನ ಮೇಲೆ ನಿಂತು ಹೆಜ್ಜೆ ಹೆಜ್ಜೆಗೆ ಹೇಳಿಕೊಟ್ಟವರು ವಿವಿಯನ್ ಥಾಮಸ್. ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಆ ವಿಧಾನವನ್ನು ರೂಪಿಸಿದ್ದ ಕಪ್ಪುವರ್ಣೀಯ ಸಹಾಯಕ, ವೈದ್ಯ ಪದವಿ ಇಲ್ಲದವರು. ಶಸ್ತ್ರಚಿಕಿತ್ಸೆಯ ಹೆಸರಿನಲ್ಲಿ ಅವರಿಗೆ ಬಹಳ ಕಾಲ ಜಾಗ ಸಿಗಲಿಲ್ಲ, ಗೌರವ ಡಾಕ್ಟರೇಟ್ ಬಂದದ್ದು 1976ರಲ್ಲಿ. ನನಗೆ ಅದಕ್ಕಿಂತಲೂ ನಂಬಲು ಕಷ್ಟವಾಗುವುದು 1954ರ ಮಿನೆಸೋಟ. ಹಾರ್ಟ್–ಲಂಗ್ ಯಂತ್ರ ಇನ್ನೂ ಭರವಸೆಯ ಮಟ್ಟಕ್ಕೆ ಬಂದಿರಲಿಲ್ಲ. ವಾಲ್ಟನ್ ಲಿಲ್ಲೆಹೈ ಮಗುವಿನ ಪಕ್ಕದ ಮೇಜಿನ ಮೇಲೆ ಅಪ್ಪನನ್ನೋ ಅಮ್ಮನನ್ನೋ ಮಲಗಿಸಿ, ಅವರ ರಕ್ತನಾಳಕ್ಕೆ ಮಗುವಿನದನ್ನು ಜೋಡಿಸಿದರು. ಮಗುವಿನ ಹೃದಯ ತೆರೆದು ಹೊಲಿಯುವಾಗ ಹೆತ್ತವರ ಹೃದಯ ಇಬ್ಬರ ಕೆಲಸವನ್ನೂ ಮಾಡುತ್ತಿತ್ತು. ಹೀಗೆ ಶಸ್ತ್ರಚಿಕಿತ್ಸೆಯಾದ 45 ಮಂದಿಯಲ್ಲಿ 28 ಮಂದಿ ಮನೆಗೆ ಹೋದರು.

ಕಾರಣ ಏನು ಎಂಬ ಪ್ರಶ್ನೆಯನ್ನು ಪ್ರತಿ ತಾಯಿಯೂ ಕೇಳುತ್ತಾಳೆ, ಹೆಚ್ಚಿನ ಸಲ ನಿಖರ ಉತ್ತರ ಇರುವುದಿಲ್ಲ. ಗೊತ್ತಿರುವ ಕೆಲವು ಕಾರಣಗಳಲ್ಲಿ ತಡೆಯಬಹುದಾದವೂ ಇವೆ. ಬಸಿರಿಗೆ ಮೊದಲೇ ಇರುವ, ಹತೋಟಿ ತಪ್ಪಿದ ಮಧುಮೇಹ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಮೂರ್ಛೆರೋಗದ ಕೆಲವು ಔಷಧಗಳು, ಮದ್ಯ, ಇವೂ ಕಾರಣ. ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಬಂದರೆ ಮಗುವಿನ ಕಣ್ಣಿಗೂ ಹೃದಯಕ್ಕೂ ಕುತ್ತು. ರುಬೆಲ್ಲಾಕ್ಕೂ ಹುಟ್ಟುಕುರುಡಿಗೂ ಇರುವ ನಂಟನ್ನು 1941ರಲ್ಲಿ ಆಸ್ಟ್ರೇಲಿಯದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಗುರುತಿಸಿದರು. ನಮ್ಮಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರುವರಿಯಲ್ಲಿ ಶುರುವಾದಾಗ ಮೊದಲ ಸುತ್ತಿನಲ್ಲಿದ್ದ ಐದು ಪ್ರದೇಶಗಳಲ್ಲಿ ಕರ್ನಾಟಕವೂ ಒಂದು.

ಇನ್ನೊಂದು ಕಾರಣ ನಮ್ಮ ಅಂಗಳದ್ದು. ಸೋದರಮಾವನಿಗೆ ಕೊಡುವುದು, ಸೋದರತ್ತೆಯ ಮಗಳನ್ನು ತರುವುದು ಕರ್ನಾಟಕದಲ್ಲಿ ಇಂದಿಗೂ ಸುಮಾರು ಕಾಲುಭಾಗ ಮದುವೆಗಳ ರೀತಿ. ಮೈಸೂರಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಸೇರಿದಂತೆ ಹಲವು ಅಧ್ಯಯನಗಳು ರಕ್ತಸಂಬಂಧದ ಮದುವೆಗೂ ಹೃದಯ ದೋಷಕ್ಕೂ ನಂಟು ತೋರಿಸಿವೆ. ಹಾಗೆಂದು ಇಂಥ ದಂಪತಿಗಳ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ದೋಷವಿರುವ ಹೆಚ್ಚಿನ ಮಕ್ಕಳ ತಂದೆತಾಯಿ ಸಂಬಂಧಿಕರಲ್ಲ. ಮದುವೆಗೆ ಮೊದಲು ಈ ಮಾತು ಆಡಬೇಕು. ಮಗು ಐಸಿಯುನಲ್ಲಿರುವಾಗ ಸೊಸೆಯ ಮುಂದೆ ಆಡುವುದು ಹಿಂಸೆ. ಗ್ರಹಣದ ಹೊತ್ತಲ್ಲಿ ಅಂಗಳಕ್ಕೆ ಬಂದಿದ್ದಳು, ಪಪ್ಪಾಯಿ ತಿಂದಿದ್ದಳು ಎಂಬ ಆರೋಪಗಳಿಗಂತೂ ಯಾವ ಆಧಾರವೂ ಇಲ್ಲ. ಒಂದು ಮಗುವಿಗೆ ದೋಷ ಇದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು. ಆ ಬಸಿರಿನಲ್ಲಿ 18ರಿಂದ 22ನೇ ವಾರದ ನಡುವೆ ಭ್ರೂಣದ ಹೃದಯದ ಎಕೋ ಮಾಡಿಸಬೇಕು. ಗಂಭೀರ ದೋಷ ಮೊದಲೇ ಗೊತ್ತಾದರೆ ಹೆರಿಗೆಯನ್ನೇ ದೊಡ್ಡ ಆಸ್ಪತ್ರೆಯ ಹತ್ತಿರ ಮಾಡಿಸಬಹುದು. ಕೂಸನ್ನು ಸಾಗಿಸಲು ತಾಯಿಯ ಹೊಟ್ಟೆಗಿಂತ ಸುರಕ್ಷಿತ ಆಂಬುಲೆನ್ಸ್ ಇಲ್ಲ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಬೆಂಗಳೂರಿಗೆ ಕೊರತೆ ಹೇಳುವಂತಿಲ್ಲ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಿಂದ ಉಚಿತವಾಗಿ ಮಾಡುತ್ತಿದೆ. 2003ರ ಜುಲೈನಲ್ಲಿ, ನಿಂತುಹೋಗಿದ್ದ ದೆಹಲಿ–ಲಾಹೋರ್ ಬಸ್ಸು ಮತ್ತೆ ಶುರುವಾದಾಗ ಅದರಲ್ಲಿ ಬಂದ ಎರಡೂವರೆ ವರ್ಷದ ಹುಡುಗಿಗೆ ನಾರಾಯಣ ಹೃದಯಾಲಯದಲ್ಲಿ ಚಿಕಿತ್ಸೆಯಾದದ್ದು ಎರಡು ದೇಶಗಳಲ್ಲೂ ಸುದ್ದಿಯಾಯಿತು. ಲಾಹೋರಿನಿಂದ ಬರಬಹುದಾದರೆ ಲಿಂಗಸುಗೂರಿನಿಂದ ಯಾಕಾಗದು? 2013ರ ಫೆಬ್ರುವರಿಯಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯನ್ನೂ ಶಸ್ತ್ರಚಿಕಿತ್ಸೆಯ ವೆಚ್ಚವನ್ನೂ ಹೊರುತ್ತದೆ. ಅದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗುತ್ತದೆ. ಎಎಸ್‌ಡಿಗೆ ಇದು ಸಾಕು, ವಿಎಸ್‌ಡಿಗೆ ತಡ, ಧಮನಿ ಅದಲುಬದಲಾದ ಮಗುವಿಗೆ ಬರುವುದೇ ಇಲ್ಲ. ಹುಟ್ಟಿದ ಜಾಗದಲ್ಲೇ ತಪಾಸಣೆ ಆಗಬೇಕೆಂದು ಅದೇ ಕಾರ್ಯಕ್ರಮದ ಕಾಗದ ಹೇಳುತ್ತದೆ. ಕೇರಳ 2017ರಲ್ಲಿ ಶುರು ಮಾಡಿದ 'ಹೃದ್ಯಂ' ಈ ಕೊಂಡಿಯನ್ನು ಚೆನ್ನಾಗಿ ಕಟ್ಟಿತು. ಯಾವ ಊರಿನಲ್ಲಿ ಮಗು ಪತ್ತೆಯಾದರೂ ಆನ್‌ಲೈನ್‌ನಲ್ಲಿ ನೋಂದಣಿ, ತಜ್ಞರು ದೋಷದ ತುರ್ತು ನೋಡಿ ಆಸ್ಪತ್ರೆ ಗೊತ್ತುಮಾಡುವುದು, ಸಾಗಿಸಲು ಆಂಬುಲೆನ್ಸ್. ಮೊದಲು ಬಂದವರಿಗೆ ಮೊದಲು ಎಂಬ ಸರದಿಗೆ ಇಲ್ಲಿ ಅರ್ಥವಿಲ್ಲ, ಗಡುವು ಹತ್ತಿರವಿರುವವರಿಗೆ ಮೊದಲು. ನಮ್ಮ ರಾಜ್ಯ ನಕಲು ಮಾಡಲು ನಾಚಬೇಕಿಲ್ಲದ ಸಂಗತಿ ಇದು.

ದುಡ್ಡು, ದೂರ ಎರಡೂ ಬಗೆಹರಿದ ಮೇಲೂ ಉಳಿಯುವ ಅಡ್ಡಿ ಒಂದುಂಟು. ದೆಹಲಿಯ ಏಮ್ಸ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಸಲಹೆ ಪಡೆದ ಮಕ್ಕಳ ಮನೆಯವರನ್ನು ಮಾತಾಡಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡುಮಕ್ಕಳಲ್ಲಿ ಶೇ. 70ರಷ್ಟು ಮಂದಿಗೆ ಶಸ್ತ್ರಚಿಕಿತ್ಸೆ ಆಗಿತ್ತು, ಹೆಣ್ಣುಮಕ್ಕಳಲ್ಲಿ ಶೇ. 44ರಷ್ಟು ಮಂದಿಗೆ ಮಾತ್ರ. ಎದೆಯ ಮೇಲಿನ ಗಾಯದ ಕಲೆ ಮದುವೆಗೆ ತೊಡಕಾಗುತ್ತದೆ ಎಂಬ ಚಿಂತೆ ಅದರಲ್ಲಿ ದೊಡ್ಡದಿತ್ತು. ಮದುವೆಯ ವಯಸ್ಸಿಗೆ ಹುಡುಗಿ ಇರಬೇಕಲ್ಲ ಎಂದು ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯಾದ ಮೇಲೆ ಎಷ್ಟೋ ಮಕ್ಕಳು ಪೂರ್ತಿ ಗುಣವಾಗುತ್ತಾರೆ, ಎಲ್ಲರೂ ಅಲ್ಲ. ರಂಧ್ರ ಹೊಲಿಯುವಾಗ ಹೃದಯದ ವಿದ್ಯುತ್ ಎಳೆಗೆ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗಬಹುದು. ಫಾಲೋ ದೋಷ ಸರಿಪಡಿಸಿದವರಿಗೆ ದಶಕಗಳ ಬಳಿಕ ಶ್ವಾಸಕೋಶದ ಕವಾಟ ಸೋರುತ್ತದೆ, ಅದನ್ನು ಬದಲಿಸಬೇಕಾಗುತ್ತದೆ. ಒಂದೇ ಹೃತ್ಕುಕ್ಷಿ ಕೆಲಸ ಮಾಡುವ ಮಕ್ಕಳಿಗೆ ಹಂತ ಹಂತವಾಗಿ ಮಾಡುವ ಫಾಂಟಾನ್ ಶಸ್ತ್ರಚಿಕಿತ್ಸೆಯ ಬೆಲೆಯನ್ನು ಮುಂದೆ ಯಕೃತ್ತು ತೆರುತ್ತದೆ. ಶೈಶವದಲ್ಲಿ ಆಮ್ಲಜನಕ ಕಡಿಮೆಯಾಗಿದ್ದವರಲ್ಲಿ ಮಾತು, ಗಮನ, ಲೆಕ್ಕ ಸ್ವಲ್ಪ ಹಿಂದುಳಿಯಬಹುದು. ಶಾಲೆಯ ಮೇಷ್ಟ್ರು ಅದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. ಹುಳುಕು ಹಲ್ಲಿನ ಕ್ರಿಮಿ ರಕ್ತ ಸೇರಿ ಹೃದಯದ ಒಳಪದರಕ್ಕೆ ಸೋಂಕು ತಗುಲಿಸುವ ಅಪಾಯ ಹಲವರಿಗೆ ಜೀವನಪೂರ್ತಿ ಇರುತ್ತದೆ, ಆದ್ದರಿಂದ ಹಲ್ಲುಜ್ಜುವುದೂ ಇವರ ಹೃದಯ ಚಿಕಿತ್ಸೆಯ ಭಾಗವೇ. ಹಾಗೆಂದು ಓಡಬೇಡ, ಆಡಬೇಡ ಎಂದು ಮೂಲೆಗೆ ಕೂರಿಸುವುದೂ ತಪ್ಪು, ಹೆಚ್ಚಿನವರಿಗೆ ಆಟ ಒಳ್ಳೆಯದು.

ಮುಂದುವರಿದ ದೇಶಗಳಲ್ಲಿ ಈಗ ಹುಟ್ಟು ಹೃದಯ ದೋಷವಿರುವ ವಯಸ್ಕರ ಸಂಖ್ಯೆ ಮಕ್ಕಳದ್ದನ್ನು ಮೀರಿದೆ, ಅವರಿಗೆಂದೇ ಪ್ರತ್ಯೇಕ ಚಿಕಿತ್ಸಾಲಯಗಳಿವೆ. ನಮ್ಮಲ್ಲೂ 1990ರ, 2000ದ ದಶಕಗಳಲ್ಲಿ ಶಸ್ತ್ರಚಿಕಿತ್ಸೆಯಾದ ಮಕ್ಕಳು ಈಗ ಮದುವೆಯಾಗಿ ಬಸಿರಾಗುವ ವಯಸ್ಸಿನಲ್ಲಿದ್ದಾರೆ. ಪ್ರಸೂತಿ ವೈದ್ಯರು ಕೇಳಿದರೆ ಅವರಲ್ಲಿ ಹಲವರು ಹೇಳುವುದು 'ಚಿಕ್ಕವಳಿದ್ದಾಗ ಹಾರ್ಟ್ ಆಪರೇಷನ್ ಆಗಿದೆ' ಎಂದಷ್ಟೇ. ಯಾವ ದೋಷ, ಏನು ಹೊಲಿದರು, ಏನು ಉಳಿಸಿದರು ಎಂಬ ಕಾಗದ ಮನೆ ಬದಲಿಸುವಾಗಲೋ ಮಳೆಗೆ ಗೋಡೆ ಸೋರಿದಾಗಲೋ ಹೋಗಿರುತ್ತದೆ. ಬಸಿರಿಯರಿಗೆ ತಾಯಿ ಕಾರ್ಡ್ ಕೊಡುವ ಸರ್ಕಾರ ಶಸ್ತ್ರಚಿಕಿತ್ಸೆಯಾದ ಪ್ರತಿ ಮಗುವಿಗೂ ಕನ್ನಡದಲ್ಲಿ ಬರೆದ ಒಂದು ಹೃದಯ ಕಾರ್ಡ್ ಕೊಡಬಹುದು. ದೋಷದ ಹೆಸರು, ಮಾಡಿದ ಕೆಲಸ, ಹಾಕಿದ ಸಾಧನ, ಮತ್ತೆ ಎಕೋ ಮಾಡಿಸಬೇಕಾದ ವರ್ಷ, ಇಷ್ಟು ಇದ್ದರೆ ಒಂದು ಪುಟದಲ್ಲಿ ಮುಗಿಯುತ್ತದೆ.